ವಾಹನಕ್ಕೆ ಯಾವ ಹೊತ್ತಿನ ಕರೆಂಟು?

ವಿದ್ಯುತ್ ವಾಹನಗಳು ಹೆಚ್ಚಾದರೆ ವಿದ್ಯುತ್ ಜಾಲ ತಾಳುವುದಿಲ್ಲ ಎಂಬ ಆತಂಕವೂ, ಅವು ಬಂದರೆ ಹೊಗೆಯ ಕಾಟವೇ ತಪ್ಪುತ್ತದೆ ಎಂಬ ಭರವಸೆಯೂ ಕರ್ನಾಟಕದಲ್ಲಿ ಜೊತೆಜೊತೆಗೇ ಕೇಳಿಬರುತ್ತಿವೆ. ಇವೆರಡರಲ್ಲಿ ಯಾವುದು ನಿಜವಾದೀತು ಎಂಬುದು ವಾಹನಗಳ ಸಂಖ್ಯೆಗಿಂತ ಹೆಚ್ಚಾಗಿ ಅವು ಚಾರ್ಜ್ ಆಗುವ ಹೊತ್ತನ್ನು ಅವಲಂಬಿಸಿದೆ.

2001ರಲ್ಲಿ ಬೆಂಗಳೂರಿನ ರೇವಾ ವಿದ್ಯುತ್ ಕಾರು ರಸ್ತೆಗಿಳಿದಾಗ ಈ ಪ್ರಶ್ನೆ ಏಳುವಷ್ಟು ವಾಹನಗಳೇ ಇರಲಿಲ್ಲ. 2017ರಲ್ಲಿ ರಾಜ್ಯ ತನ್ನದೇ ವಿದ್ಯುತ್ ವಾಹನ ನೀತಿಯನ್ನು ತಂದಿತು. ಚಾರ್ಜಿಂಗ್ ಎಂಬುದು ಸೇವೆಯೇ ಹೊರತು ವಿದ್ಯುತ್ ಮಾರಾಟವಲ್ಲ, ಅದಕ್ಕೆ ಪರವಾನಗಿ ಬೇಕಿಲ್ಲ ಎಂದು 2018ರಲ್ಲಿ ಕೇಂದ್ರ ಇಂಧನ ಸಚಿವಾಲಯ ಸ್ಪಷ್ಟಪಡಿಸಿತು.

ಅದೇ ವರ್ಷಗಳಲ್ಲಿ ವಿದ್ಯುತ್ ವ್ಯವಸ್ಥೆಯ ದಿನಚರಿಯೂ ತಲೆಕೆಳಗಾಗತೊಡಗಿತ್ತು. ಮೊದಲೆಲ್ಲ ರಾತ್ರಿ ಹತ್ತರ ನಂತರ ಬೇಡಿಕೆ ತಗ್ಗುತ್ತಿದ್ದುದರಿಂದ ಕೈಗಾರಿಕೆಗಳಿಗೆ ಆ ಹೊತ್ತಿನ ದರದಲ್ಲಿ ರಿಯಾಯಿತಿ ಸಿಗುತ್ತಿತ್ತು. ವಾಹನವನ್ನೂ ರಾತ್ರಿಯೇ ಚಾರ್ಜ್ ಮಾಡಿ ಎಂಬ ಸಲಹೆ ಹುಟ್ಟಿದ್ದು ಇದೇ ಲೆಕ್ಕದಿಂದ. ಆದರೆ ಪಾವಗಡದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ಎದ್ದು, ಇತರೆಡೆಯೂ ಫಲಕಗಳು ಹಬ್ಬಿದ ಮೇಲೆ ಹಗಲಿನ ವಿದ್ಯುತ್ತೇ ಅಗ್ಗವಾಯಿತು. ಸೂರ್ಯ ಮುಳುಗಿದ ಮೇಲೆ ಹೊರೆಯ ಬಹುಪಾಲು ಶರಾವತಿಯ ನೀರಿನ ಮೇಲೂ ರಾಯಚೂರು, ಬಳ್ಳಾರಿಗಳ ಕಲ್ಲಿದ್ದಲಿನ ಮೇಲೂ ಬೀಳುತ್ತದೆ. 2023ರ ಬರದಲ್ಲಿ ಜಲಾಶಯಗಳು ತುಂಬದೆ, ಪಂಪ್‌ಸೆಟ್‌ಗಳಿಗೆ ಏಳು ಗಂಟೆ ತ್ರೀಫೇಸ್ ಕೊಡುವುದೇ ಕಷ್ಟವಾದದ್ದನ್ನು ರೈತರು ಮರೆತಿಲ್ಲ. ಅಂಥ ವರ್ಷದಲ್ಲಿ ನಗರದ ಕಾರುಗಳೆಲ್ಲ ಸಂಜೆ ಏಳಕ್ಕೇ ಪ್ಲಗ್‌ಗೆ ಬಿದ್ದರೆ ಕಷ್ಟದ ಪಾಲು ಹಳ್ಳಿಗಳಿಗೂ ಬರುತ್ತದೆ.

ಹೊಗೆಯ ಲೆಕ್ಕವನ್ನೂ ಪ್ರಾಮಾಣಿಕವಾಗಿಯೇ ಹಾಕಬೇಕು. ದೇಶದ ಜಾಲದಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಸರಾಸರಿ 0.7 ಕೆ.ಜಿ.ಯಷ್ಟು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಕಿಲೋಮೀಟರಿಗೆ 30 ವಾಟ್‌ಅವರ್ (ಸಾವಿರ ವಾಟ್‌ಅವರ್ ಸೇರಿದರೆ ಒಂದು ಯೂನಿಟ್) ಬಳಸುವ ಸ್ಕೂಟರಿನ ಪಾಲು, ಸಾಗಣೆಯ ನಷ್ಟ ಸೇರಿಸಿದರೂ, 25 ಗ್ರಾಂ ಆಸುಪಾಸಿನಲ್ಲಿರುತ್ತದೆ. ಲೀಟರಿಗೆ 45 ಕಿ.ಮೀ. ಓಡುವ ಪೆಟ್ರೋಲ್ ಸ್ಕೂಟರ್ 50 ಗ್ರಾಂನಷ್ಟು ಉಗುಳುತ್ತದೆ. ಅಂದರೆ ಇಂದಿನ ಕಲ್ಲಿದ್ದಲಿನ ನಡುವೆಯೂ ಲಾಭವಿದೆ, ಹಗಲಿನ ಸೌರಶಕ್ತಿಯಿಂದ ಚಾರ್ಜ್ ಆದರೆ ಅದು ಇನ್ನೂ ಹೆಚ್ಚುತ್ತದೆ.

ಜಾಲದ ನಿಜವಾದ ಬಿಕ್ಕಟ್ಟು ಇರುವುದು ಬೀದಿಯ ಟ್ರಾನ್ಸ್‌ಫಾರ್ಮರಿನಲ್ಲಿ. ಮೂರು ಕಿಲೋವಾಟ್ ಮಂಜೂರಾದ ಮನೆಯಲ್ಲಿ ಏಳು ಕಿಲೋವಾಟ್‌ನ ಚಾರ್ಜರ್ ಕೂತರೆ ಅದೊಂದೇ ಎರಡು ಮನೆಗಳ ಹೊರೆಯನ್ನೂ ಮೀರುತ್ತದೆ. 250 ಕೆವಿಎ (ಹೆಚ್ಚೆಂದರೆ 250 ಕಿಲೋವಾಟ್ ಹೊರಬಲ್ಲ) ಟ್ರಾನ್ಸ್‌ಫಾರ್ಮರಿನಡಿ ಅಂಥ ಹತ್ತು ಕಾರುಗಳು ಏಕಕಾಲಕ್ಕೆ ಸೇರಿದರೆ ಕಾಲು ಭಾಗಕ್ಕಿಂತ ಹೆಚ್ಚು ಸಾಮರ್ಥ್ಯ ಅವಕ್ಕೇ ಹೋಗುತ್ತದೆ.

ಬೆಳಗ್ಗೆ 9ರಿಂದ ಸಂಜೆ 4ರವರೆಗೆ ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳಿಗೆ ಅಗ್ಗದ ದರ, ಉಳಿದ ಹೊತ್ತಿಗೆ ದುಬಾರಿ ದರ ಎಂದು ಕೇಂದ್ರದ 2024ರ ಮಾರ್ಗಸೂಚಿ ಹೇಳಿದ್ದು ಸರಿಯಾದ ದಿಕ್ಕಿನ ಹೆಜ್ಜೆ. ಆದರೆ ಹಗಲೆಲ್ಲ ಕಾರುಗಳು ನಿಲ್ಲುವುದು ಕಚೇರಿಗಳ ನೆಲಮಾಳಿಗೆಯಲ್ಲಿ, ಬೈಕುಗಳು ಮೆಟ್ರೋ ನಿಲ್ದಾಣದ ಪಾರ್ಕಿಂಗಿನಲ್ಲಿ. ಪ್ಲಗ್ ಪಾಯಿಂಟುಗಳು ಅಲ್ಲಿಗೆ ಬರುವವರೆಗೂ ಆ ಅಗ್ಗದ ದರ ಹೆಚ್ಚಿನವರ ಕೈಗೆಟುಕುವುದಿಲ್ಲ.