ಅಶ್ಶೂರದ ರಾಜರು, ಇಸ್ರೇಲಿನ ಅರಸರು: ನಾನು ಎಡವಿದ ಸಮಾರ್ಯದ ಲೆಕ್ಕ

ಕಳೆದ ವಾರ ಒಂದು ಅಭ್ಯಾಸ ಪರೀಕ್ಷೆಯಲ್ಲಿ ಪ್ರಶ್ನೆ ಬಂತು: ಸಮಾರ್ಯವನ್ನು ಗೆದ್ದ ಅಶ್ಶೂರದ ರಾಜ ಯಾರು? ಆಯ್ಕೆಗಳಲ್ಲಿ ಶಲ್ಮನೆಸೆರನೂ ಇದ್ದ, ಸಾರ್ಗೋನನೂ ಇದ್ದ. ನಾನು ಒಬ್ಬನಿಗೆ ಗುರುತು ಹಾಕಿದೆ, ಆಮೇಲೆ ಅಳಿಸಿ ಇನ್ನೊಬ್ಬನಿಗೆ ಹಾಕಿದೆ, ಕೊನೆಗೆ ಖಾಲಿ ಬಿಟ್ಟು ಬಂದೆ. ಮನೆಗೆ ಬಂದು ಮೂರು ಸಂಜೆ ಅದರ ಹಿಂದೆಯೇ ಕೂತೆ. ಈಗ ತಲೆಯಲ್ಲಿ ಸ್ವಲ್ಪ ಕೂತಿದೆ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಮೊದಲು ಹೆಸರುಗಳ ಕಾಟ. ನಮ್ಮ ಇತಿಹಾಸದ ಪುಸ್ತಕದಲ್ಲಿ 'ಅಸ್ಸೀರಿಯ', ಕನ್ನಡ ಬೈಬಲಿನಲ್ಲಿ 'ಅಶ್ಶೂರ'. ಎರಡೂ ಒಂದೇ, ಈಗಿನ ಉತ್ತರ ಇರಾಕಿನಲ್ಲಿದ್ದ ಹಳೇ ಸಾಮ್ರಾಜ್ಯ. ಪುಸ್ತಕದ ಸೆನ್ನಾಕೆರಿಬ್ ಬೈಬಲಿನಲ್ಲಿ ಸನ್ಹೇರೀಬ. ತಿಗ್ಲತ್‌ಪಿಲೆಸೆರನಿಗಂತೂ ಬೈಬಲಿನಲ್ಲೇ ಎರಡು ಹೆಸರು, ಇನ್ನೊಂದು ಪೂಲ್. ನಾನು ಪೂಲ್ ಅಂದರೆ ಬೇರೆ ರಾಜ ಅಂದುಕೊಂಡು ಪಟ್ಟಿಯಲ್ಲಿ ಒಬ್ಬನನ್ನು ಜಾಸ್ತಿ ಸೇರಿಸಿಬಿಟ್ಟಿದ್ದೆ.

ಇನ್ನೊಂದು ವಿಷಯ. ಈ ಕಾಲದಲ್ಲಿ ಇಸ್ರೇಲ್ ಅಂದರೆ ಉತ್ತರದ ರಾಜ್ಯ, ರಾಜಧಾನಿ ಸಮಾರ್ಯ. ದಕ್ಷಿಣದ್ದು ಯೆಹೂದ, ರಾಜಧಾನಿ ಯೆರೂಸಲೇಮ್. ಉತ್ತರದ್ದು ಅಶ್ಶೂರದ ಬಾಯಿಗೆ ಹೋಯಿತು, ದಕ್ಷಿಣದ್ದು ಕಪ್ಪ ಕಟ್ಟಿ ಉಳಿಯಿತು. ಇಷ್ಟು ಇಟ್ಟುಕೊಂಡರೆ ಮುಂದಿನದು ಸಲೀಸು.

ಕೊನೆಯ ಆರು ದೊಡ್ಡ ರಾಜರ ಸಾಲು ನೆನಪಿಡೋಕೆ ನಾನು ಮಾಡಿಕೊಂಡ ವಾಕ್ಯ: ತಿಮ್ಮ ಶನಿವಾರ ಸಾರಿಗೆ ಸೇಬು ಏಕೆ ಅಂದ. ತಿಗ್ಲತ್‌ಪಿಲೆಸೆರ್ 3, ಶಲ್ಮನೆಸೆರ್ 5, ಸಾರ್ಗೋನ್ 2, ಸೆನ್ನಾಕೆರಿಬ್, ಏಸರ್‌ಹದ್ದೋನ್, ಅಶುರ್‌ಬನಿಪಾಲ್. ಪೆದ್ದು ವಾಕ್ಯ ನಿಜ, ಆದರೆ ಒಮ್ಮೆ ಓದಿದರೆ ಮರೆಯೋಕೆ ಆಗಲ್ಲ.

ಬೈಬಲಿನಲ್ಲಿ ಇಲ್ಲದ ಶಲ್ಮನೆಸೆರ

ಈ ಸಾಲಿಗಿಂತ ನೂರು ವರ್ಷ ಹಿಂದೆ ಇನ್ನೊಬ್ಬ ಶಲ್ಮನೆಸೆರ್ ಇದ್ದಾನೆ, ಮೂರನೆಯವನು. ಇವನ ಹೆಸರು ಬೈಬಲಿನಲ್ಲಿ ಎಲ್ಲೂ ಬರುವುದಿಲ್ಲ. ಆದರೆ ಇಸ್ರೇಲಿನ ಇಬ್ಬರು ಅರಸರ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿ ಹೋದವನು ಇವನೇ.

ಕ್ರಿ.ಪೂ. 853ರಲ್ಲಿ ಕರ್ಕಾರ್ ಎಂಬಲ್ಲಿ ಇವನಿಗೂ ಪಶ್ಚಿಮದ ರಾಜರ ಕೂಟಕ್ಕೂ ಯುದ್ಧ ಆಯಿತು. ಇವನ ಶಾಸನದ ಪ್ರಕಾರ ಇಸ್ರೇಲಿನ ಅಹಾಬ 2,000 ರಥ, 10,000 ಕಾಲಾಳು ತಂದಿದ್ದ. ದಮಸ್ಕದ (ಸಿರಿಯಾದ ಡಮಾಸ್ಕಸ್) ಅರಸ 1,200 ರಥ ತಂದಿದ್ದ. ಗಿಂದಿಬು ಎಂಬ ಅರಬನಿಂದ 1,000 ಒಂಟೆ. ಶತ್ರುವಿನ ಪಡೆಯನ್ನು ದೊಡ್ಡದು ಮಾಡಿ ಹೇಳಿದಷ್ಟೂ ತನ್ನ ಗೆಲುವೂ ದೊಡ್ಡದು, ಅಲ್ವಾ? ನಮ್ಮ ಪ್ರಶಸ್ತಿ ಶಾಸನ ಓದಿದವರಿಗೆ ಇದು ಹೊಸದಲ್ಲ. ಗೆದ್ದೆ ಅಂತ ಬರೆಸಿದ್ದಾನೆ. ಆದರೆ ಅದೇ ಕೂಟದ ಮೇಲೆ ಮತ್ತೆ ಮತ್ತೆ ದಂಡೆತ್ತಿ ಹೋಗಬೇಕಾಯಿತು. ಬೈಬಲಿನಲ್ಲಿ ಅಹಾಬನ ಕಥೆ ಎಷ್ಟೋ ಪುಟ ಇದೆ, ಕರ್ಕಾರ್ ಮಾತ್ರ ಇಲ್ಲ.

ಎರಡನೆಯವನು ಯೇಹು. ಕ್ರಿ.ಪೂ. 841ರಲ್ಲಿ ಕಪ್ಪ ಕಟ್ಟಿದ. ಅಶ್ಶೂರದ ಹಳೇ ರಾಜಧಾನಿ ನಿಮ್ರೂದಿನಲ್ಲಿ 1846ರಲ್ಲಿ ಸಿಕ್ಕ ಕಪ್ಪು ಕಲ್ಲಿನ ಕಂಬದ ಮೇಲೆ ಆ ದೃಶ್ಯ ಇದೆ. ಮೇಲಿನಿಂದ ಎರಡನೇ ಸಾಲು ನೋಡಿ. ಮೊನೆ ಟೋಪಿ, ಗಡ್ಡದ ಒಬ್ಬ ಮನುಷ್ಯ ಮೊಣಕಾಲೂರಿ ಹಣೆ ನೆಲಕ್ಕೆ ತಾಗುವಂತೆ ಬಗ್ಗಿದ್ದಾನೆ. ಅದು ಯೇಹುವೋ, ಅವನು ಕಳಿಸಿದ ದೂತನೋ ಎಂಬ ಚರ್ಚೆ ಇದೆ. ಬರಹದಲ್ಲಿ 'ಒಮ್ರಿಯ ಮಗ ಯೇಹು' ಎಂದಿದೆ. ಒಮ್ರಿ ಅಂದರೆ ಅಹಾಬನ ಅಪ್ಪ, ಇಸ್ರೇಲಿನ ಹಿಂದಿನ ಅರಸ. ತಮಾಷೆ ಏನೆಂದರೆ ಯೇಹು ಒಮ್ರಿಯ ಮಗ ಅಲ್ಲವೇ ಅಲ್ಲ. ಒಮ್ರಿಯ ವಂಶವನ್ನು ಕೊಚ್ಚಿ ಹಾಕಿ ಪಟ್ಟಕ್ಕೆ ಬಂದವನು. ಅಶ್ಶೂರದವರಿಗೆ ಆ ನಾಡಿನ ಹೆಸರೇ 'ಒಮ್ರಿಯ ಮನೆ', ಅಲ್ಲಿ ಕೂತವನೆಲ್ಲ ಒಮ್ರಿಯ ಮಗ.

ಮೆನಹೇಮನ ವಸೂಲಿ

ತಿಗ್ಲತ್‌ಪಿಲೆಸೆರ್ (ಕ್ರಿ.ಪೂ. 745–727) ಬಂದ ಮೇಲೆ ಆಟದ ನಿಯಮವೇ ಬದಲಾಯಿತು. ಮೊದಲು ಕಪ್ಪ ಕೊಟ್ಟು ಕಳಿಸಿದರೆ ಆಯಿತು. ಈಗ ತಿರುಗಿ ಬಿದ್ದರೆ ನಾಡನ್ನೇ ಕಿತ್ತುಕೊಂಡು ತನ್ನ ಅಧಿಕಾರಿಯನ್ನು ಕೂರಿಸುತ್ತಾನೆ.

ಇಸ್ರೇಲಿನ ಮೆನಹೇಮ ಇವನಿಗೆ ಸಾವಿರ ತಲಾಂತು ಬೆಳ್ಳಿ ಕೊಟ್ಟ. ಆ ದುಡ್ಡನ್ನು ಸ್ಥಿತಿವಂತರಿಂದ ತಲೆಗೆ 50 ಶೆಕೆಲಿನಂತೆ ವಸೂಲಿ ಮಾಡಿದ ಅಂತ 2 ಅರಸುಗಳು 15ರಲ್ಲಿದೆ. ನಾನು ಇದನ್ನು ಸುಮ್ನೆ ಓದಿಕೊಂಡು ಹೋಗಿದ್ದೆ. ಒಂದು ತಲಾಂತಿಗೆ 3,000 ಶೆಕೆಲ್ ಅಂತ ಗೊತ್ತಾದ ಮೇಲೆ ಲೆಕ್ಕ ಹಾಕಿದೆ. ಸಾವಿರ ತಲಾಂತು ಅಂದರೆ 30 ಲಕ್ಷ ಶೆಕೆಲ್. ಅದನ್ನು 50ರಿಂದ ಭಾಗಿಸಿದರೆ 60,000. ಅಂದರೆ ಅಷ್ಟು ಚಿಕ್ಕ ರಾಜ್ಯದಲ್ಲಿ 60,000 ಜನ ತಲಾ ಅರ್ಧ ಕಿಲೋಗಿಂತ ಜಾಸ್ತಿ ಬೆಳ್ಳಿ ತಂದು ಸುರಿಯಬೇಕು. ಪುಸ್ತಕದ 'ಭಾರೀ ಕಪ್ಪ' ಎಂಬ ಎರಡು ಪದಕ್ಕಿಂತ ಈ ಭಾಗಾಕಾರ ನನಗೆ ಜಾಸ್ತಿ ಹೇಳಿತು. ಮುಂದೆ ಒಬ್ಬರಾದ ಮೇಲೆ ಒಬ್ಬರು ಅರಸರು ಯಾಕೆ ಕೊಲೆಯಾದರು ಅಂತ ಊಹಿಸೋದು ಕಷ್ಟವಲ್ಲ.

ಆಮೇಲೆ ಇಸ್ರೇಲಿನ ಪೆಕಹ, ದಮಸ್ಕದ ರೆಚೀನ ಸೇರಿ ಯೆಹೂದದ ಆಹಾಜನ ಮೇಲೆ ಬಿದ್ದರು. ಆಹಾಜ ಅಶ್ಶೂರಕ್ಕೆ ಮೊರೆ ಹೋದ. ಕ್ರಿ.ಪೂ. 732ರಲ್ಲಿ ದಮಸ್ಕ ಬಿತ್ತು, ಗಲಿಲಾಯ ಹೋಯಿತು, ಪೆಕಹ ಸತ್ತ, ಹೋಶೇಯ ಬಂದ. ಅಶ್ಶೂರದ ಕಪ್ಪದ ಪಟ್ಟಿಯಲ್ಲಿ ಆಹಾಜನ ಹೆಸರು ಯೆಹೋವಾಹಾಜ ಎಂದಿದೆ, ಗೊಂದಲ ಬೇಡ.

ಸಮಾರ್ಯ: ಇಲ್ಲೇ ನಾನು ಬಿದ್ದದ್ದು

ಸಾಕ್ಷಿಗಳು ಮೂರು. ಒಂದೊಂದಾಗಿ ನೋಡೋಣ.

ಬೈಬಲ್: ಹೋಶೇಯ ಮೊದಲು ಶಲ್ಮನೆಸೆರನಿಗೆ (ಇವನು ಐದನೆಯವನು) ಕಪ್ಪ ಕಟ್ಟುತ್ತಿದ್ದ. ಆಮೇಲೆ ಕಪ್ಪ ನಿಲ್ಲಿಸಿ ಐಗುಪ್ತಕ್ಕೆ (ಈಜಿಪ್ಟ್) ದೂತರನ್ನು ಕಳಿಸಿದ. ಸಿಕ್ಕಿಬಿದ್ದು ಸೆರೆಯಾದ. ಸಮಾರ್ಯಕ್ಕೆ ಮೂರು ವರ್ಷ ಮುತ್ತಿಗೆ. ಕೊನೆಗೆ 'ಅಶ್ಶೂರದ ಅರಸ' ಊರನ್ನು ಹಿಡಿದ. ಹಿಡಿದ ಜಾಗದಲ್ಲಿ ಹೆಸರಿಲ್ಲ, ಗಮನಿಸಿ. ಇದು 2 ಅರಸುಗಳು 17ರಲ್ಲಿ. 18ನೇ ಅಧ್ಯಾಯದಲ್ಲಿ ಅದೇ ಕಥೆ ಮತ್ತೆ ಬರುತ್ತದೆ. ಅಲ್ಲಿ ಮುತ್ತಿಗೆ ಹಾಕಿದವನು ಶಲ್ಮನೆಸೆರ, ಆದರೆ ಹೀಬ್ರೂ ಮೂಲದಲ್ಲಿ 'ಅವರು ಹಿಡಿದರು' ಎಂದು ಬಹುವಚನ.

ಬಾಬಿಲೋನಿನ ವೃತ್ತಾಂತ: ಶಲ್ಮನೆಸೆರನ ಆಳ್ವಿಕೆ ಬಗ್ಗೆ ಹೇಳುವಾಗ ಒಂದೇ ಒಂದು ಊರಿನ ಹೆಸರು ಹೇಳುತ್ತದೆ. ಆ ಊರನ್ನು ಇವನು ಹಾಳು ಮಾಡಿದ. ಆ ಊರು ಸಮಾರ್ಯ ಅಂತ ಹೆಚ್ಚಿನ ವಿದ್ವಾಂಸರು ಓದುತ್ತಾರೆ.

ಸಾರ್ಗೋನ್: ನಾನೇ ಮುತ್ತಿದೆ, ನಾನೇ ಗೆದ್ದೆ, 27,290 ಜನರನ್ನು ಸಾಗಿಸಿದೆ ಎನ್ನುತ್ತಾನೆ. ಇನ್ನೊಂದು ಶಾಸನದಲ್ಲಿ 27,280. ಅವನ ವಾರ್ಷಿಕ ದಾಖಲೆ ಇದನ್ನು ಆಳ್ವಿಕೆಯ ಶುರುವಿನಲ್ಲೇ ಇಡುತ್ತದೆ.

ಸರಿ, ಶಲ್ಮನೆಸೆರ್ ಮುತ್ತಿಗೆ ಹಾಕಿ ಸತ್ತ, ಸಾರ್ಗೋನ್ ಬಂದು ಮುಗಿಸಿದ, ಅಷ್ಟೇ ತಾನೇ? ನಾನೂ ಹಾಗೇ ಅಂದುಕೊಂಡಿದ್ದೆ. ತೊಂದರೆ ಇರೋದು 'ಆಳ್ವಿಕೆಯ ಶುರು' ಎಂಬ ಮಾತಿನಲ್ಲಿ.

ಆ ಕಾಲದಲ್ಲಿ ಅಲ್ಲಿನ ವರ್ಷ ಶುರುವಾಗುವುದು ನಿಸಾನ್ ತಿಂಗಳಲ್ಲಿ. ಹೆಚ್ಚುಕಡಿಮೆ ನಮ್ಮ ಯುಗಾದಿಯ ಹೊತ್ತು. ಶಲ್ಮನೆಸೆರ್ ಸತ್ತದ್ದು ಕ್ರಿ.ಪೂ. 722ರ ತೇಬೇತ್ ತಿಂಗಳಲ್ಲಿ, ಅಂದರೆ ನಮ್ಮ ಪುಷ್ಯ ಮಾಸದ ಸುಮಾರಿಗೆ. ಅದೇ ತಿಂಗಳ 12ಕ್ಕೆ ಸಾರ್ಗೋನ್ ಪಟ್ಟಕ್ಕೆ ಕೂತ. ಪುಷ್ಯದಿಂದ ಯುಗಾದಿಗೆ ಎಷ್ಟು? ಮೂರು ತಿಂಗಳೂ ಇಲ್ಲ. ಈ ತುಂಡು ಕಾಲವೇ 'ಪಟ್ಟಕ್ಕೆ ಬಂದ ವರ್ಷ'. ಇದು ಮೊದಲನೇ ವರ್ಷ ಅಲ್ಲ! ಮೊದಲನೇ ವರ್ಷ ಶುರುವಾಗುವುದು ಮುಂದಿನ ನಿಸಾನಿನಿಂದ. ಜನವರಿಯಲ್ಲಿ ಕೆಲಸಕ್ಕೆ ಸೇರಿದವರಿಗೆ ಮಾರ್ಚ್ ತನಕದ ಸಂಬಳ ಹಳೇ ಹಣಕಾಸು ವರ್ಷದ ಲೆಕ್ಕಕ್ಕೆ ಹೋಗುತ್ತಲ್ಲ, ಹಾಗೆ. ನಾನು ಇದನ್ನು ಒಂದನೇ ವರ್ಷ ಅಂತ ಎಣಿಸಿ ಎಲ್ಲ ಇಸವಿಯನ್ನೂ ಒಂದೊಂದು ಜರುಗಿಸಿಬಿಟ್ಟಿದ್ದೆ.

ಈಗ ಯೋಚಿಸಿ. ಸಾರ್ಗೋನ್ ಬಹುಶಃ ಸುಲಭವಾಗಿ ಪಟ್ಟಕ್ಕೆ ಬಂದವನಲ್ಲ, ಮನೆಯೊಳಗೇ ವಿರೋಧ ಇತ್ತು. ಅಂಥವನು ಆ ಚಳಿಯ ಮೂರು ತಿಂಗಳಲ್ಲಿ ನೂರಾರು ಮೈಲಿ ದಂಡು ಕಟ್ಟಿಕೊಂಡು ಹೋಗಿ ಸಮಾರ್ಯ ಹಿಡಿದು ಬಂದನಾ? ಕಷ್ಟ. ಅವನದೇ ಇನ್ನೊಂದು ದಾಖಲೆ ಪಶ್ಚಿಮದ ದಂಡಯಾತ್ರೆಯನ್ನು ಎರಡನೇ ವರ್ಷಕ್ಕೆ ಇಡುತ್ತದೆ. ಬೆರಳು ಮಡಿಚಿ ಎಣಿಸಿ: ಮೊದಲನೇ ವರ್ಷ 721ರ ನಿಸಾನಿನಿಂದ, ಎರಡನೇ ವರ್ಷ 720ರ ನಿಸಾನಿನಿಂದ. ಕ್ರಿ.ಪೂ. ಆದ್ದರಿಂದ ಹಿಂದಕ್ಕೆ ಎಣಿಸಬೇಕು, ಇದೂ ಒಂದು ಬಾರಿ ಕೈಕೊಟ್ಟಿತ್ತು. 720ರಲ್ಲಿ ಸಿರಿಯಾದ ಹಮಾತ್ ಎಂಬ ಊರಿನ ಅರಸ ಯಾವುಬಿದಿ ದಂಗೆ ಎದ್ದ. ಅವನ ಜೊತೆ ದಮಸ್ಕವೂ ಇತ್ತು, ಸಮಾರ್ಯವೂ ಇತ್ತು. ಸಾರ್ಗೋನ್ ಅದನ್ನು ಹೊಸಕಿ ಹಾಕಿದ. ಹಾಗಾದರೆ ಊರು ಬಿದ್ದದ್ದು ಎರಡು ಸಲ: 722ರ ಹೊತ್ತಿಗೆ ಶಲ್ಮನೆಸೆರನ ಕೈಗೆ, 720ರಲ್ಲಿ ಸಾರ್ಗೋನನ ಕೈಗೆ. ಪಟ್ಟಕ್ಕೆ ಬಂದ ಕೂಡಲೇ ಗೆಲುವು ಇರಲಿ ಅಂತ ಆಸ್ಥಾನದ ಬರಹಗಾರರು 720ರ ಗೆಲುವನ್ನು ಮೊದಲೇ ಆದಂತೆ ಬರೆದಿರಬೇಕು. ಎಲ್ಲ ವಿದ್ವಾಂಸರೂ ಇದನ್ನು ಒಪ್ಪಿಲ್ಲ. ನನಗೆ ಮಾತ್ರ ಮೂರೂ ಸಾಕ್ಷಿಯನ್ನು ಕೂರಿಸುವ ದಾರಿ ಇದೇ ಅನ್ನಿಸುತ್ತದೆ.

ಪರೀಕ್ಷೆಗಾದರೆ: ಮುತ್ತಿಗೆ ಯಾರದು ಅಂದರೆ ಶಲ್ಮನೆಸೆರ್ 5. ಜನರನ್ನು ಸಾಗಿಸಿದ್ದು, 27,290 ಅಂತ ಕೇಳಿದರೆ ಸಾರ್ಗೋನ್ 2. ಬರೀ 'ಗೆದ್ದವನು ಯಾರು' ಅಂತ ಕೇಳುವವರಿಗೆ ಏನು ಹೇಳಬೇಕೋ ನನಗಿನ್ನೂ ಗೊತ್ತಾಗಿಲ್ಲ.

ಸಾಗಿಸಿದ ಜನರನ್ನು ಹಲಹು, ಗೋಜಾನಿನ ಹಾಬೋರ್ ನದಿಯ ದಡ, ಮೇದ್ಯರ ಊರುಗಳಿಗೆ ಹಾಕಿದರು. ಬಾಬಿಲೋನ್, ಹಮಾತ್ ಕಡೆಯವರನ್ನು ತಂದು ಸಮಾರ್ಯದಲ್ಲಿ ಕೂರಿಸಿದರು. ಒಂಥರಾ ಇಡೀ ನಾಡಿನ ಎತ್ತಂಗಡಿ. ಬೇರು ಕಿತ್ತರೆ ದಂಗೆ ಏಳಲ್ಲ ಎಂಬ ಲೆಕ್ಕ.

ಸಾರ್ಗೋನನ ಹೆಸರು ಬೈಬಲಿನಲ್ಲಿ ಒಂದೇ ಕಡೆ, ಯೆಶಾಯ 20ರಲ್ಲಿ. 1843ರಲ್ಲಿ ಖೋರ್ಸಾಬಾದಿನಲ್ಲಿ ಇವನ ಅರಮನೆ ಸಿಗುವ ತನಕ ಇಷ್ಟು ದೊಡ್ಡ ರಾಜ ಬೇರೆ ಯಾರದೋ ಇನ್ನೊಂದು ಹೆಸರಿರಬೇಕು ಎಂದೇ ಹಲವರು ಅಂದುಕೊಂಡಿದ್ದರು.

ಸೆನ್ನಾಕೆರಿಬ್ ಮತ್ತು ಪಂಜರದ ಹಕ್ಕಿ

ಸಾರ್ಗೋನ್ 705ರಲ್ಲಿ ಯುದ್ಧದಲ್ಲಿ ಸತ್ತ. ಯೆಹೂದದ ಹಿಜ್ಕೀಯ ಇದೇ ಸಮಯ ಅಂತ ಕಪ್ಪ ನಿಲ್ಲಿಸಿದ. 701ರಲ್ಲಿ ಸೆನ್ನಾಕೆರಿಬ್ ಬಂದ. ಅವನ ಶಾಸನ: ಕೋಟೆಯ 46 ಊರು ಹಿಡಿದೆ, 2,00,150 ಜನರನ್ನು ಹೊರಡಿಸಿದೆ, ಹಿಜ್ಕೀಯನನ್ನು ಯೆರೂಸಲೇಮಿನಲ್ಲಿ ಪಂಜರದ ಹಕ್ಕಿಯಂತೆ ಕೂಡಿಹಾಕಿದೆ. ಊರು ಹಿಡಿದೆ ಅನ್ನುವುದಿಲ್ಲ. ಬೈಬಲಿನ ಪ್ರಕಾರ ಒಂದೇ ರಾತ್ರಿ ದೇವದೂತನ ಕೈಯಲ್ಲಿ 1,85,000 ಸೈನಿಕರು ಸತ್ತರು, ಉಳಿದವರು ಹಿಂತಿರುಗಿದರು. ಕಪ್ಪದಲ್ಲಿ ಚಿನ್ನ ಎರಡೂ ಕಡೆ 30 ತಲಾಂತು. ಬೆಳ್ಳಿ ಬೈಬಲಿನಲ್ಲಿ 300, ಅಶ್ಶೂರದಲ್ಲಿ 800.

ಇನ್ನೂ ಚೆನ್ನಾಗಿರೋದು ಯೆಹೂದದ ಕೋಟೆಯೂರು ಲಾಕೀಷಿನದು. ಈ ದಂಡಯಾತ್ರೆಯ ಶಾಸನದಲ್ಲಿ ಆ ಊರಿನ ಹೆಸರೇ ಇಲ್ಲ. ಬೈಬಲಿನಲ್ಲಿ ಇದೆ: ಹಿಜ್ಕೀಯ 'ತಪ್ಪಾಯಿತು' ಅಂತ ಹೇಳಿ ಕಳಿಸಿದ್ದು ಅಲ್ಲಿದ್ದ ಸೆನ್ನಾಕೆರಿಬನಿಗೆ. ಅವನ ರಾಜಧಾನಿ ನಿನೆವೆಯ ಅರಮನೆಯಲ್ಲಂತೂ ಒಂದು ಇಡೀ ಕೋಣೆಯ ಗೋಡೆಗೆ ಅದೇ ಚಿತ್ರ. ಗೋಡೆಯವರೆಗೆ ಕಟ್ಟಿದ ಮುತ್ತಿಗೆಯ ಇಳಿಜಾರು, ಮೇಲಿನಿಂದ ಬೀಳುವ ಪಂಜುಗಳು. ಪಕ್ಕದಲ್ಲಿ ಗಂಟುಮೂಟೆ ಹೇರಿದ ಎತ್ತಿನ ಗಾಡಿ, ಗಾಡಿಯ ಮೇಲೆ ಹೆಂಗಸರು, ಮಕ್ಕಳು. ಎತ್ತಿನ ಪಕ್ಕೆಲುಬು ಎಣಿಸಬಹುದು. ಆ ಇಳಿಜಾರು ಲಾಕೀಷಿನಲ್ಲಿ ಇವತ್ತಿಗೂ ಇದೆ. ಸಿಂಹಾಸನದ ಮೇಲೆ ಕೂತ ಸೆನ್ನಾಕೆರಿಬನ ಮುಖವನ್ನು ಮಾತ್ರ ಯಾರೋ ಜಜ್ಜಿ ಹಾಳು ಮಾಡಿದ್ದಾರೆ.

ಅವನು 681ರಲ್ಲಿ ಮಗನ ಕೈಯಲ್ಲೇ ಸತ್ತ. ಉಳಿದ ಇಬ್ಬರು ಬೇಗ ಮುಗಿಯುತ್ತಾರೆ. ಏಸರ್‌ಹದ್ದೋನ್ ಐಗುಪ್ತದ ತನಕ ಹೋದ. ಅಶುರ್‌ಬನಿಪಾಲ್ ಬೈಬಲಿನ ಎಜ್ರನ ಪುಸ್ತಕದ ಒಸ್ನಪ್ಪರ್ ಇರಬೇಕು. ಇಬ್ಬರ ಅಧೀನ ಅರಸರ ಪಟ್ಟಿಯಲ್ಲೂ ಹಿಜ್ಕೀಯನ ಮಗ ಮನಸ್ಸೆ ಇದ್ದಾನೆ. ಏಸರ್‌ಹದ್ದೋನನ ಕಾಲದಲ್ಲಿ ನಿನೆವೆಯ ಅರಮನೆ ಕಟ್ಟೋಕೆ ಮರದ ತೊಲೆ, ಕಲ್ಲು ಸಾಗಿಸಿದ 22 ರಾಜರಲ್ಲಿ ಒಬ್ಬ. ಅಪ್ಪ ತಿರುಗಿ ಬಿದ್ದು 46 ಊರು ಕಳೆದುಕೊಂಡ, ಮಗ ತೊಲೆ ಹೊರಿಸಿಕೊಟ್ಟು 55 ವರ್ಷ ಆಳಿದ. ಅರಸುಗಳ ಪುಸ್ತಕದಲ್ಲಿ ಒಳ್ಳೆಯ ಹೆಸರು ಅಪ್ಪನಿಗೆ.