ಪದ ಪರಿಚಯ: ಸ್ಕಿಲ್, ಅಥವಾ ಹೊತ್ತು ಗೊತ್ತಿರುವ ಸೂಚನೆ

"ಈ ಸ್ಕಿಲ್ ಕಾಪಿ ಮಾಡಿ, ಚಾಟ್‌ಗೆ ಪೇಸ್ಟ್ ಮಾಡಿ, ಮ್ಯಾಜಿಕ್ ನೋಡಿ." ಈ ವಾರ ಇಂಥ ಪೋಸ್ಟ್ ಮೂರನೇ ಸಲ ಕಣ್ಣಿಗೆ ಬಿತ್ತು. ಅದರ ಕೆಳಗೆ ಮಾರುದ್ದದ ಸೂಚನೆ. ಪ್ರಾಂಪ್ಟ್ ಆಗಿ, ಅಂದರೆ ಎಐಗೆ ಟೈಪ್ ಮಾಡಿ ಕೊಡುವ ಸೂಚನೆಯಾಗಿ, ಅದು ಚೆನ್ನಾಗಿಯೇ ಇರಬಹುದು, ನನ್ನ ತಕರಾರು ಅದಕ್ಕಲ್ಲ. ನೀವೇ ನೆನಪಿಟ್ಟುಕೊಂಡು, ನೀವೇ ಹುಡುಕಿ, ನೀವೇ ತಂದು ಅಂಟಿಸಬೇಕು ಅಂದಮೇಲೆ ಅದು ಸ್ಕಿಲ್ ಹೇಗಾಯಿತು?

ಎಐ ಸಹಾಯಕರ ಮಟ್ಟಿಗೆ ಸ್ಕಿಲ್ ಎಂದರೆ ಒಂದು ಫೋಲ್ಡರ್. ಆಂಥ್ರೋಪಿಕ್ ಕಂಪನಿ 2025ರ ಅಕ್ಟೋಬರ್‌ನಲ್ಲಿ ತನ್ನ ಎಐ ಸಹಾಯಕ ಕ್ಲಾಡ್‌ಗಾಗಿ ಇದನ್ನು ತಂದಿತು. ಅದೇ ಡಿಸೆಂಬರ್‌ನಲ್ಲಿ ಬೇರೆಯವರೂ ಬಳಸಲಿ ಎಂದು ಮುಕ್ತ ಮಾನದಂಡವಾಗಿ ಬಿಟ್ಟುಕೊಟ್ಟಿತು. ಫೋಲ್ಡರ್ ಒಳಗೆ 'ಸ್ಕಿಲ್ ಡಾಟ್ ಎಂಡಿ' (SKILL.md) ಎಂಬ ಒಂದು ಫೈಲು ಇರಲೇಬೇಕು. ಅದರ ತಲೆಯಲ್ಲಿ ಎರಡು ವಿಷಯ: ಹೆಸರು, ವಿವರಣೆ. ಅದರ ಕೆಳಗೆ ಸೂಚನೆಗಳು. ಬೇಕಾದರೆ ಜೊತೆಗೆ ಇನ್ನಷ್ಟು ಫೈಲು, ಸ್ಕ್ರಿಪ್ಟು (ಕಂಪ್ಯೂಟರ್ ಓಡಿಸುವ ಪುಟ್ಟ ಪ್ರೋಗ್ರಾಂ). ಇಷ್ಟೇ.

ಇದಕ್ಕೆ ಕನ್ನಡದಲ್ಲಿ 'ಕೌಶಲ' ಎನ್ನಬೇಕು ಎಂದು ಕೆಲವರು, 'ಕೌಶಲ್ಯ' ಎಂದು ಇನ್ನು ಕೆಲವರು. ಎರಡೂ ನಿಘಂಟಿನಲ್ಲಿವೆ, ಆ ಜಗಳ ಬಿಡೋಣ. ನನಗೆ ಮಜಾ ಅನ್ನಿಸಿದ್ದು ಈ ಪದಗಳ ಹೊಟ್ಟೆಯಲ್ಲಿ ಇರುವುದು.

'ಕುಶಲ' ಪದವನ್ನು ಹಿಂದಿನವರು ಬಿಡಿಸುವುದು ಹೀಗೆ: ಕುಶವನ್ನು, ಅಂದರೆ ದರ್ಭೆಯನ್ನು, ತರುವವನು. ದರ್ಭೆ ಕೀಳುವುದು ಅಷ್ಟು ಸುಲಭ ಅಲ್ಲ. ಅದರ ಅಂಚು ಹರಿತ, ತುದಿ ಚೂಪು. ಜಾಣರಿಗೆ 'ಕುಶಾಗ್ರಮತಿ' ಅನ್ನುವುದು ಆ ತುದಿಯಿಂದಲೇ. ಸುತ್ತ ಬೆಳೆದಿರುವ ಹುಲ್ಲೆಲ್ಲ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತದೆ. ಅದರಲ್ಲಿ ಬೇಕಾದ್ದನ್ನು ಗುರುತಿಸಿ, ಕೈ ಕುಯ್ದುಕೊಳ್ಳದೆ ತರಬೇಕು. ಹಾಗೆ ತಂದವನು ಕುಶಲ. ಕಾಗದ ಬರೆಯುವ ಕಾಲದಲ್ಲಿ 'ಉಭಯ ಕುಶಲೋಪರಿ' ಎಂದು ಶುರು ಮಾಡುತ್ತಿದ್ದೆವಲ್ಲ, ಅಲ್ಲಿಗೆ ಬರುವಷ್ಟರಲ್ಲಿ ಹುಲ್ಲು ಪೂರ್ತಿ ಮಾಯ. ಬರೀ ಕ್ಷೇಮ ಉಳಿದಿತ್ತು.

ಇಂಗ್ಲಿಷಿನ ಸ್ಕಿಲ್ ಬಂದದ್ದು ಹಳೆಯ ನಾರ್ಸ್ ಭಾಷೆಯಿಂದ. ಅಲ್ಲಿ ಅದರ ಅರ್ಥ 'ವ್ಯತ್ಯಾಸ', 'ವಿವೇಚನೆ'. ಅದರ ಜೊತೆಗಾರ ಕ್ರಿಯಾಪದದ ಅರ್ಥ 'ಬೇರ್ಪಡಿಸು'. ಇವತ್ತಿಗೂ ಸ್ವೀಡಿಶ್ ಭಾಷೆಯಲ್ಲಿ ಗಂಡ-ಹೆಂಡತಿ ಬೇರೆಯಾಗುವುದಕ್ಕೆ ಇರುವ ಪದದಲ್ಲಿ ಇದೇ ಬೇರು ಕಾಣುತ್ತದೆ. ಕೈಯ ಚಳಕ ಎಂಬ ಅರ್ಥ ಆಮೇಲೆ ಬಂದು ಸೇರಿದ್ದು. ಮೊದಲು ಇದ್ದದ್ದು 'ಇದು ಬೇರೆ, ಅದು ಬೇರೆ' ಎಂದು ತಿಳಿಯುವುದು.

ವ್ಯುತ್ಪತ್ತಿ ಹಿಡಿದುಕೊಂಡು ವಾದ ಮಾಡಬೇಡಿ ಎಂದು ನನ್ನನ್ನು ಗದರಬಹುದು. ಗದರಿದವರೂ ಇದ್ದಾರೆ. ಸಂಸ್ಕೃತದ ಕಾವ್ಯಮೀಮಾಂಸಕ ಮಮ್ಮಟ 'ಕರ್ಮಣಿ ಕುಶಲಃ' (ಕೆಲಸದಲ್ಲಿ ಕುಶಲ) ಎಂಬುದನ್ನು ಲಕ್ಷಣೆಗೆ, ಅಂದರೆ ನೇರ ಅರ್ಥ ಕೂಡದಾಗ ಬೇರೆ ಅರ್ಥ ಹಿಡಿಯುವುದಕ್ಕೆ, ಉದಾಹರಣೆಯಾಗಿ ಕೊಟ್ಟ: ಇಲ್ಲಿ ದರ್ಭೆಯ ಅರ್ಥ ಕೂಡುವುದಿಲ್ಲ, ಆದ್ದರಿಂದ ರೂಢಿಯಿಂದ 'ನಿಪುಣ' ಎಂಬ ಇನ್ನೊಂದು ಅರ್ಥಕ್ಕೆ ಹೋಗುತ್ತೇವೆ ಎಂದು. ಆಮೇಲೆ ಬಂದ ವಿಶ್ವನಾಥ ಒಪ್ಪಲಿಲ್ಲ. ಪದ ಹುಟ್ಟಿದ ಕಾರಣ ಬೇರೆ, ಅದು ಬಳಕೆಯಲ್ಲಿರುವ ಕಾರಣ ಬೇರೆ ಎಂದ. ಇಲ್ಲದಿದ್ದರೆ 'ಹಸು ಮಲಗಿದೆ' ಅನ್ನುವುದಕ್ಕೂ ಲಕ್ಷಣೆ ಬೇಕಾಗುತ್ತದೆ, ಯಾಕೆಂದರೆ 'ಗೋ' ಪದದ ಮೂಲದಲ್ಲಿ ಇರುವುದು ಹೋಗುವ ಅರ್ಥ, ಮಲಗಿದ ಹಸು ಎಲ್ಲಿಗೂ ಹೋಗುತ್ತಿಲ್ಲ! ಸರಿ, ವಿಶ್ವನಾಥನ ಮಾತು ಒಪ್ಪಿದೆ. ಹಾಗಾದರೆ ಬಳಕೆಯನ್ನೇ ನೋಡೋಣ. ಈ ಫೋಲ್ಡರ್ ಕೆಲಸ ಮಾಡುವ ರೀತಿಯಲ್ಲೂ ಬೇರ್ಪಡಿಸಿ ಗುರುತಿಸುವ ಆ ಹಳೆಯ ಅರ್ಥವೇ ಎದ್ದು ಕಾಣುತ್ತದೆ.

ನಿಮ್ಮ ಬಳಿ ನಲವತ್ತು ಸ್ಕಿಲ್ ಇವೆ ಅಂದುಕೊಳ್ಳಿ. ಕೆಲಸ ಶುರುವಾದಾಗ ಸಹಾಯಕನ ಕಣ್ಣಿಗೆ ಬೀಳುವುದು ನಲವತ್ತು ಹೆಸರು, ನಲವತ್ತು ವಿವರಣೆ ಮಾತ್ರ. ಒಳಗಿನ ಸೂಚನೆಗಳನ್ನು ಅದು ಓದಿರುವುದೇ ಇಲ್ಲ. ನೀವು ಏನೋ ಕೇಳಿದಾಗ, ಈ ನಲವತ್ತರಲ್ಲಿ ಇದಕ್ಕೆ ಹೊಂದುವುದು ಯಾವುದು ಎಂದು ನೋಡಿ, ಆ ಒಂದು ಫೈಲನ್ನು ತೆರೆಯುತ್ತದೆ. ಆ ಫೈಲು ಇನ್ನೊಂದು ಫೈಲನ್ನು ತೋರಿಸಿದರೆ, ಬೇಕಾದಾಗ ಮಾತ್ರ ಅದನ್ನೂ ಓದುತ್ತದೆ. ಅಂದರೆ ಎಲ್ಲವೂ ನಿಂತಿರುವುದು ಆ ವಿವರಣೆಯ ಮೇಲೆ. ಅದಕ್ಕಿರುವ ಮಿತಿ 1024 ಅಕ್ಷರ. ಜನ ಮಾತ್ರ ಒಳಗಿನ ಸೂಚನೆಗೆ ಮೂರು ದಿನ ಕೂತು, ವಿವರಣೆಯನ್ನು ಮೂರು ಸೆಕೆಂಡಿನಲ್ಲಿ ಗೀಚುತ್ತಾರೆ.

ನಾನೂ ಹಾಗೇ ಮಾಡಿದ್ದೆ. ಕನ್ನಡ ಕರಡು ತಿದ್ದಲು ಒಂದು ಸ್ಕಿಲ್ ಬರೆದೆ. ವಿವರಣೆ: "ಕನ್ನಡ ಬರಹವನ್ನು ಉತ್ತಮಗೊಳಿಸುತ್ತದೆ." ಕೇಳಲು ಚೆಂದ. ಸುಮ್ನೆ ಒಂದು ಇಮೇಲ್ ಬರೆದುಕೊಡು ಅಂದರೂ ಅದು ಎದ್ದು ಬರುತ್ತಿತ್ತು. "ಇದರಲ್ಲಿ ಕಾಗುಣಿತ ತಪ್ಪು ಇದೆಯಾ ನೋಡು" ಅಂದರೆ ಕೆಲವೊಮ್ಮೆ ಬರುತ್ತಲೇ ಇರಲಿಲ್ಲ. ಹೊತ್ತು ಗೊತ್ತು ಎರಡೂ ಇಲ್ಲದ ನೆಂಟನ ಹಾಗೆ. ಈಗಿನ ವಿವರಣೆ ಇದು: "ಈಗಾಗಲೇ ಬರೆದ ಕನ್ನಡ ಲೇಖನ, ಕಥೆಗಳ ಕಾಗುಣಿತ, ಒತ್ತಕ್ಷರ, ವಿರಾಮ ಚಿಹ್ನೆಗಳನ್ನು ತಿದ್ದುತ್ತದೆ. ಬಳಕೆದಾರರು ಕರಡು ತಿದ್ದು, ಪ್ರೂಫ್ ನೋಡು, ತಪ್ಪು ಹುಡುಕು ಎಂದು ಕೇಳಿದಾಗ ಬಳಸಿ. ಹೊಸದಾಗಿ ಬರೆಯಲು ಬೇಡ." ಏನು ಮಾಡುತ್ತದೆ, ಯಾವಾಗ ಬೇಕು, ಯಾವಾಗ ಬೇಡ, ಮೂರೂ ಬಂತು. ಜನ ನಿಜವಾಗಿ ಆಡುವ ಮಾತೇ ಅಲ್ಲಿದೆ ಎಂಬುದನ್ನೂ ಗಮನಿಸಿ. 'ಕರಡು ಪರಿಷ್ಕರಣೆ' ಎಂದು ಯಾರು ಕೇಳುತ್ತಾರೆ, ಅಲ್ವಾ?

'ನಾನು ನಿಮಗೆ ಸಹಾಯ ಮಾಡಬಲ್ಲೆ' ಎಂಬ ಧಾಟಿಯೂ ಬೇಡ. ವಿವರಣೆ ಹೋಗಿ ಕೂರುವುದು ಸಹಾಯಕನಿಗೆ ಕೊಟ್ಟಿರುವ ಸೂಚನೆಗಳ ನಡುವೆ. ಅಲ್ಲಿ 'ನಾನು' ಎಂದರೆ ಯಾರು?

ನನಗೆ ಅತಿ ಹೆಚ್ಚು ಸಿಟ್ಟು ಬರಿಸುವ ತಪ್ಪು ಇನ್ನೊಂದಿದೆ. 'ಈ ಸ್ಕಿಲ್ ಯಾವಾಗ ಬಳಸಬೇಕು' ಎಂದು ದಪ್ಪ ಅಕ್ಷರದ ಶೀರ್ಷಿಕೆ ಕೊಟ್ಟು, ಅದನ್ನು ಒಳಗಿನ ಸೂಚನೆಯಲ್ಲಿ ಬರೆಯುವುದು. ಲಕೋಟೆಯ ಮೇಲೆ ಏನೂ ಬರೆಯದೆ, ಒಳಗಿನ ಕಾಗದದಲ್ಲಿ ವಿಳಾಸ ಬರೆದ ಹಾಗಾಯಿತು. ಅದನ್ನು ಓದುವ ಹೊತ್ತಿಗೆ ಫೈಲು ತೆರೆದಾಗಿರುತ್ತದೆ.

ಒಳಗಿನ ಸೂಚನೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. 500 ಸಾಲಿನ ಒಳಗೆ ಮುಗಿಸಿ ಎಂಬ ಸಲಹೆ ಇದೆ, ನನ್ನದು ಅರವತ್ತು ದಾಟಿಲ್ಲ. ವ್ಯಾಕರಣ ಎಂದರೇನು ಎಂದು ಸಹಾಯಕನಿಗೆ ಪಾಠ ಮಾಡಬೇಡಿ, ಅದಕ್ಕೆ ಗೊತ್ತು. ಗೊತ್ತಿಲ್ಲದ್ದು ನಿಮ್ಮ ರೂಢಿ: ನಾನು 'ವೆಬ್‌ಸೈಟ್' ಬರೆಯುತ್ತೇನೆ, 'ಜಾಲತಾಣ' ಬರೆಯುವುದಿಲ್ಲ ಎಂಬಂಥದ್ದು. ಆ ಪದಪಟ್ಟಿ ಉದ್ದವಾಗಿತ್ತು, ಬೇರೆ ಫೈಲಿಗೆ ಸಾಗಿಸಿದೆ. ಎರಡೆರಡು ಸ್ಪೇಸ್ ಹುಡುಕುವಂಥ ಕೆಲಸಕ್ಕೆ ಪುಟ್ಟ ಸ್ಕ್ರಿಪ್ಟ್ ಇಟ್ಟಿದ್ದೇನೆ. ಅಂಥದ್ದನ್ನು ಓದಿ ಎಣಿಸುವುದಕ್ಕಿಂತ ಸ್ಕ್ರಿಪ್ಟ್ ಓಡಿಸುವುದೇ ನಂಬಿಕೆಯ ದಾರಿ.

ಒಂದು ವಿಷಯ ಮಾತ್ರ ಬಿಡಿಸಿ ಹೇಳಬೇಕು. ನನ್ನ ಸ್ಕಿಲ್ ಒಂದು ಕಥೆಯಲ್ಲಿ ಅಜ್ಜಿ ಆಡಿದ "ಎಲ್ಲಿಗ್ ಹೋಗ್ತೀಯೋ" ಎಂಬ ಮಾತನ್ನು "ಎಲ್ಲಿಗೆ ಹೋಗುತ್ತೀಯೋ" ಎಂದು ನೀಟಾಗಿ ತಿದ್ದಿಟ್ಟಿತು. ಅಜ್ಜಿ ಒಂದೇ ಏಟಿಗೆ ಪಠ್ಯಪುಸ್ತಕ ಆದಳು. ನಾನು ಸಿಟ್ಟಿನಲ್ಲಿ ಸೇರಿಸಿದ್ದು: "ಉದ್ಧರಣ ಚಿಹ್ನೆಯೊಳಗಿನ ಮಾತನ್ನು ಯಾವ ಕಾರಣಕ್ಕೂ, ಎಂದಿಗೂ ಮುಟ್ಟಬೇಡ!" ಮುಂದಿನ ಕಥೆಯಲ್ಲಿ ಲೇಖಕರು ಉದ್ಧರಣ ಚಿಹ್ನೆಯನ್ನೇ ಬಳಸಿರಲಿಲ್ಲ. ಮತ್ತೆ ಅದೇ ಕಥೆ. ಆಮೇಲೆ ಕೂಗಾಟ ತೆಗೆದು ಕಾರಣ ಬರೆದೆ: "ಪಾತ್ರದ ಮಾತು ಪಾತ್ರದ್ದು. ಅದನ್ನು ಗ್ರಂಥಸ್ಥ ಮಾಡಿದರೆ ಆ ಮನುಷ್ಯ ಯಾರು, ಎಲ್ಲಿಯವನು ಎಂಬುದೇ ಅಳಿಸಿಹೋಗುತ್ತದೆ." ಅಂದಿನಿಂದ ಚಿಹ್ನೆ ಇರಲಿ ಬಿಡಲಿ, ಮಾತನ್ನು ಬಿಡುತ್ತಿದೆ. ಪದ್ಯದ ಸಾಲನ್ನೂ ತಾನಾಗಿಯೇ ಬಿಡುತ್ತಿದೆ, ಅದನ್ನು ನಾನು ಹೇಳಿಯೇ ಇರಲಿಲ್ಲ.

ಇದಕ್ಕೆಲ್ಲ 'ಎಐಗೆ ಕಲಿಸಿದೆ' ಎನ್ನುವವರಿಗೂ ಒಂದು ಮಾತು. ಅದು ಏನೂ ಕಲಿತಿಲ್ಲ. ಫೋಲ್ಡರ್ ಅಳಿಸಿ, ನಾಳೆಯೇ ಅಜ್ಜಿ ಮತ್ತೆ ಗ್ರಂಥಸ್ಥ ಮಾತಾಡುತ್ತಾಳೆ. ಬೇರೆಯವರ ಸ್ಕಿಲ್ ಇಳಿಸಿಕೊಳ್ಳುವವರು ಸ್ಕ್ರಿಪ್ಟುಗಳನ್ನೂ ಸೇರಿಸಿ ಪೂರ್ತಿ ಓದಿಯೇ ಇಳಿಸಿಕೊಳ್ಳಿ. ಅದು ಓಡುವುದು ನಿಮ್ಮ ಫೈಲುಗಳ ಪಕ್ಕದಲ್ಲಿ.

ಪರೀಕ್ಷೆ ಮಾಡುವಾಗ ಸ್ಕಿಲ್ ಏಳಬೇಕಾದ ಪ್ರಶ್ನೆಗಳ ಜೊತೆಗೆ, ಹತ್ತಿರದ್ದೇ ಆದರೂ ಏಳಬಾರದ ಪ್ರಶ್ನೆಗಳನ್ನೂ ಕೇಳಿ ನೋಡಿ. ಎರಡನೆಯದನ್ನು ಹೆಚ್ಚಿನವರು ಕೇಳುವುದೇ ಇಲ್ಲ. ನನ್ನದು ಇಮೇಲ್ ವಿಷಯಕ್ಕೆ ಈಗ ತಲೆ ಹಾಕುವುದಿಲ್ಲ. ಅನುವಾದದ ಕರಡು ಕೊಟ್ಟಾಗ ಮಾತ್ರ ಇನ್ನೂ ಆಗಾಗ ಸುಮ್ಮನೆ ಕೂತಿರುತ್ತದೆ. ವಿವರಣೆಯಲ್ಲಿ 'ಲೇಖನ, ಕಥೆ' ಅಂತಷ್ಟೇ ಬರೆದಿದ್ದೇನೆ, 'ಅನುವಾದ' ಎಂಬ ಪದವೇ ಇಲ್ಲ. ಇವತ್ತು ಸೇರಿಸಬೇಕು.