ಎಡಗಾಲಿನ ವಾಸನೆ

ಭಾನುವಾರ ಮಧ್ಯಾಹ್ನ ಮೂರರ ಮೇಲೆ ನನ್ನ ಗ್ಯಾರೇಜಿಗೆ ಬರುವ ಕಾರುಗಳ ಬಾನೆಟ್ಟನ್ನು ನಾನು ಮೊದಲು ಎತ್ತುವುದಿಲ್ಲ. ಡ್ರೈವರ್ ಬಾಗಿಲು ತೆಗೆದು, ಕುಕ್ಕರುಗಾಲಲ್ಲಿ ಕೂತು ಕ್ಲಚ್ ಪೆಡಲ್ ನೋಡುತ್ತೇನೆ. ಧರ್ಮಸ್ಥಳ ಮುಗಿಸಿ ಚಾರ್ಮಾಡಿ ಘಾಟಿ ಹತ್ತಿ ಬಂದವರು ಪಕ್ಕದಲ್ಲಿ ಚಡಪಡಿಸುತ್ತಿರುತ್ತಾರೆ. "ರಬ್ಬರ್ ಸುಟ್ಟ ವಾಸನೆ ಸಾರ್, ಬೆಲ್ಟ್ ಹೋಗಿರಬೇಕು, ಬೇಗ ಹಾಕಿಕೊಡಿ, ರಾತ್ರಿಯೊಳಗೆ ಬೆಂಗಳೂರು ಸೇರಬೇಕು."

ಬೆಲ್ಟು ಸಾಮಾನ್ಯವಾಗಿ ಸುಮ್ಮನೆ ಸುಡುವುದಿಲ್ಲ. ಬೀದಿಗೆಲ್ಲ ಕೇಳುವ ಹಾಗೆ ಕಿರ್ರೆನ್ನುತ್ತದೆ, ಎಸಿ ಹಾಕಿದರೆ ಇನ್ನೂ ಜೋರಾಗುತ್ತದೆ. ಘಾಟಿಯಲ್ಲಿ ಸದ್ದಿಲ್ಲದೆ ಬಂದು, ಮೇಲೆ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಏಳುವಷ್ಟರಲ್ಲಿ ಮಾಯವಾಗುವ ಘಾಟು, ನೂರಕ್ಕೆ ನೂರು ಅನ್ನಲಾರೆ, ಬಹುಪಾಲು ಎಂಜಿನ್ನಿನ ತಿರುಗಾಟವನ್ನು ಗೇರ್‌ಬಾಕ್ಸಿಗೆ ಮುಟ್ಟಿಸುವ ಕ್ಲಚ್ ಪ್ಲೇಟಿನದು. ಪ್ಲೇಟಿನ ಲೈನಿಂಗಿನಲ್ಲಿರುವ ರಾಳ ಕಾದು ಸೀದಾಗ ಮೂಗಿಗೆ ರಬ್ಬರಿನ ಹಾಗೇ ಬಡಿಯುತ್ತದೆ.

ಇಷ್ಟು ಹೇಳಿದರೆ "ನಾನು ಕ್ಲಚ್ ಒತ್ತಲೇ ಇಲ್ಲ, ಬರೀ ಹಾಫ್ ಕ್ಲಚ್ಚಲ್ಲಿ ಹಿಡ್ಕೊಂಡಿದ್ದೆ" ಅನ್ನುತ್ತಾರೆ. ಅಯ್ಯಾ, ರೋಗ ಇರುವುದೇ ಆ "ಬರೀ"ಯಲ್ಲಿ. ಪೆಡಲ್ ಪೂರ್ತಿ ಒತ್ತಿದರೆ ಪ್ಲೇಟು ಬಿಡುಗಡೆ. ಪೂರ್ತಿ ಬಿಟ್ಟರೆ ಎಂಜಿನ್ನಿನ ಜೊತೆ ತಿರುಗುವ ಫ್ಲೈವೀಲ್ ಎಂಬ ಭಾರದ ಚಕ್ರಕ್ಕೆ ಕಚ್ಚಿಕೊಂಡು ಅದರ ಜೊತೆಗೇ ತಿರುಗುತ್ತದೆ. ಎರಡರಲ್ಲೂ ಪ್ಲೇಟಿಗೆ ಸವೆತವಿಲ್ಲ. ನಡುವೆ ಹಿಡಿದಾಗ ಮಾತ್ರ ಉಜ್ಜಾಟ. ತಿರುವಿನಲ್ಲಿ ಜಾಮ್ ಆಗಿ, ಏರಿನಲ್ಲಿ ಕಾರು ಹಿಂದೆ ಜಾರಬಾರದೆಂದು ಕ್ಲಚ್ಚು, ಆಕ್ಸಿಲರೇಟರ್ ಎರಡರಲ್ಲೂ ತೂಗಿಸಿಕೊಂಡು ನಿಲ್ಲುತ್ತೀರಲ್ಲ, ಆಗ ಕಾರು ನಿಂತಿರುತ್ತದೆ, ಚಕ್ರ ನಿಂತಿರುತ್ತದೆ, ಪ್ಲೇಟೂ ನಿಂತಿರುತ್ತದೆ. ಫ್ಲೈವೀಲ್ ಮಾತ್ರ ನಿಮಿಷಕ್ಕೆ 1,500 ಸುತ್ತು ಅದರ ಮೈಮೇಲೆ ತಿರುಗುತ್ತಿರುತ್ತದೆ. ಸಾಣೆಕಲ್ಲಿಗೆ ಮಚ್ಚು ಒತ್ತಿ ಹಿಡಿದ ಹಾಗೆ. ಹ್ಯಾಂಡ್‌ಬ್ರೇಕ್ ಇರುವುದು ಮನೆ ಮುಂದೆ ನಿಲ್ಲಿಸುವುದಕ್ಕೆ ಮಾತ್ರ ಅಂತ ಯಾವ ಡ್ರೈವಿಂಗ್ ಸ್ಕೂಲಲ್ಲಿ ಹೇಳಿಕೊಡುತ್ತಾರೋ!

ಕ್ಲಚ್ಚು, ಗೇರು ಎರಡನ್ನೂ ಯಂತ್ರವೇ ನಡೆಸುವ ಎಎಂಟಿ ಕಾರಿನವರ ಕತೆ ಬೇರೆ. "ನಮ್ಮದು ಆಟೋಮ್ಯಾಟಿಕ್, ಕ್ಲಚ್ಚೇ ಇಲ್ಲ." ಪೆಡಲ್ ಇಲ್ಲ, ಸ್ವಾಮಿ. ಕ್ಲಚ್ ಇದೆ, ಅದೇ ಒಣ ಪ್ಲೇಟು. 2014ರಲ್ಲಿ ಮಾರುತಿಯ ಎಎಂಟಿ ಕಾರು ಸೆಲೆರಿಯೊ ಬಂದಾಗಿನಿಂದ ಈ ಒಂದೇ ಮಾತನ್ನು ಹೇಳುತ್ತಿದ್ದೇನೆ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿಕೊಂಡೇ ಕಾರನ್ನು ನಿಲ್ಲಿಸಿದರೆ ನಿಮ್ಮ ಎಡಗಾಲು ಮಾಡುವ ಪಾಪವನ್ನು ಯಂತ್ರವೇ ಮಾಡುತ್ತದೆ. ಏರಿನಲ್ಲಿ ಕಾರು ಹಿಂದೆ ಜಾರದ ಹಾಗೆ ತಾನೇ ಬ್ರೇಕ್ ಹಿಡಿಯುವ ಹಿಲ್ ಹೋಲ್ಡ್ ಇದೆ ಅನ್ನುತ್ತೀರಿ. ಅದು ಹಿಡಿಯುವುದು ಎರಡು ಮೂರು ಸೆಕೆಂಡು, ಬ್ರೇಕಿನಿಂದ ಕಾಲು ತೆಗೆದು ಆಕ್ಸಿಲರೇಟರಿಗೆ ಇಡುವಷ್ಟು ಹೊತ್ತು.

ಒಬ್ಬ ನಿವೃತ್ತ ಮೇಷ್ಟ್ರು ಬಂದಿದ್ದರು. ಕಾರು ಓಡಿದ್ದು 18,000 ಕಿ.ಮೀ. ಊರಲ್ಲಿ ಎರಡು ಸಲ ಬೆಲ್ಟ್ ಬದಲಾಯಿಸಿದ್ದರಂತೆ, ವಾಸನೆ ಹೋಗಿರಲಿಲ್ಲ. ಬ್ರೇಕ್ ಪೆಡಲಿನ ರಬ್ಬರಿನ ಗೀರುಗಳು ಹೊಸದರ ಹಾಗೇ ಇದ್ದವು. ಕ್ಲಚ್ ಪೆಡಲಿನದು ಒರಳುಕಲ್ಲಿನ ಹಾಗೆ ನುಣುಪು, ಎಡಮೂಲೆಯಲ್ಲಿ ಒಳಗಿನ ಕಬ್ಬಿಣ ಇಣುಕುತ್ತಿತ್ತು. ಅದರ ಕೆಳಗೆ ಮ್ಯಾಟಿನ ಮೇಲೆ ಹಿಮ್ಮಡಿಯ ಗುಳಿ. "ಸಾರ್, ಕಾಲು ಸದಾ ಕ್ಲಚ್ ಮೇಲೇ ಇರುತ್ತಾ?" ಎಂದರೆ, "ಛೆ, ಸುಮ್ಮನೆ ಮುಟ್ಟಿಕೊಂಡಿರುತ್ತೆ ಅಷ್ಟೆ" ಎಂದರು. ಸುಮ್ಮನೆ ಮುಟ್ಟಿದರೂ ಪ್ಲೇಟಿನ ಹಿಡಿತ ಸಡಿಲವಾಗಬಹುದು, ಬೇರಿಂಗೂ ಸವೆಯುತ್ತದೆ. ಬಯಲಲ್ಲಿ ನಾಲ್ಕನೇ ಗೇರಿಗೆ ಹಾಕಿಸಿ ಆಕ್ಸಿಲರೇಟರ್ ಒತ್ತಿಸಿದೆ. ಎಂಜಿನ್ನಿನ ಸುತ್ತು ತೋರಿಸುವ ಆರ್‌ಪಿಎಂ ಮುಳ್ಳು ಜಿಗಿಯಿತು, ಸ್ಪೀಡಿನ ಮುಳ್ಳು ಅಲ್ಲಾಡಲಿಲ್ಲ. ಪ್ಲೇಟು ಕಚ್ಚದೆ ಜಾರುತ್ತಿತ್ತು, ಅದರ ಆಯಸ್ಸು ಮುಗಿದಿತ್ತು. ಗೇರ್‌ಬಾಕ್ಸ್ ಇಳಿಸಿ ಕ್ಲಚ್ ಸೆಟ್ ಹಾಕಿದೆವು. ಪೆಡಲಿಗೂ ಹೊಸ ರಬ್ಬರ್ ಹಾಕಿಕೊಟ್ಟೆ, ದುಡ್ಡು ತೆಗೆದುಕೊಳ್ಳದೆ.

ಒಮ್ಮೆ ವಾಸನೆ ಬಂದ ಮಾತ್ರಕ್ಕೆ ಎಲ್ಲರದೂ ಹೀಗಾಗಿರುವುದಿಲ್ಲ. ಅರ್ಧ ಗಂಟೆ ಆರಲು ಬಿಟ್ಟು ಈ ನಾಲ್ಕನೇ ಗೇರಿನ ಪರೀಕ್ಷೆ ಖಾಲಿ ರಸ್ತೆಯಲ್ಲಿ ಮಾಡಿ ನೋಡಿ. ಕಾಲಿನ ತಪ್ಪೇ ಇಲ್ಲದೆ, ಎಂಜಿನ್ ಸೀಲ್ ಸೋರಿ ಆಯಿಲ್ ಪ್ಲೇಟಿಗೆ ತಗುಲಿ ಜಾರುವುದೂ ಉಂಟು. ಅದನ್ನು ಬಿಚ್ಚದೆ ಹೇಳಲಾಗದು. ಘಾಟಿ ಇಳಿಯುವಾಗ ವಾಸನೆ ಬಂದರೆ ಬ್ರೇಕಿನದಿರುತ್ತದೆ. ಎರಡನೇ ಗೇರಿಗೆ ಇಳಿಸಿ, ಕಾದ ಡಿಸ್ಕಿಗೆ ನೀರು ಮಾತ್ರ ಹೊಯ್ಯಬೇಡಿ. ಸುಗ್ಗಿಯಲ್ಲಿ ಬಯಲುಸೀಮೆಯ ರಸ್ತೆಯಲ್ಲಿ ಹರಡಿದ ರಾಗಿ, ಹುರುಳಿ ಹುಲ್ಲಿನ ಮೇಲೆ ಹಾದು ಬಂದಿದ್ದರೆ ಕೂಡಲೇ ನಿಲ್ಲಿಸಿ ಕೆಳಗೆ ಬಗ್ಗಿ ನೋಡಿ, ಆಕ್ಸಲ್ಲಿಗೆ ಸುತ್ತಿಕೊಂಡ ಹುಲ್ಲು ಸೈಲೆನ್ಸರಿನ ಕಾವಿಗೆ ಹೊತ್ತಿಕೊಳ್ಳುತ್ತದೆ. ಪ್ಲಾಸ್ಟಿಕ್ ಕರಗಿದ ವಾಸನೆಯ ಜೊತೆ ಡ್ಯಾಶ್‌ಬೋರ್ಡಿಂದ ಹೊಗೆ ಬಂದರೆ ಕೀ ಆಫ್ ಮಾಡಿ ಎಲ್ಲರೂ ಇಳಿದುಬಿಡಿ. ಕಾರಣ ಆಮೇಲೆ ಹುಡುಕೋಣ.

ಮೇಷ್ಟ್ರು ಹೋದ ತಿಂಗಳು ಮತ್ತೆ ಬಂದರು. "ನೀವು ಹೇಳಿದ ಹಾಗೇ ಮಾಡ್ತಿದ್ದೀನಿ, ಏರಲ್ಲಿ ನಿಂತರೆ ಹ್ಯಾಂಡ್‌ಬ್ರೇಕು. ಆದರೂ ವಾಸನೆ ಬಂತಲ್ಲ ಮಾರಾಯ." ಪೆಡಲ್ ನೋಡಿದೆ, ರಬ್ಬರಿನ ಗೀರು ಹಾಗೇ ಇತ್ತು. ಕಾರಿನ ಹಿಂದಕ್ಕೆ ಬಂದರೆ ಚಕ್ರದಿಂದ ಬಿಸಿ ಮುಖಕ್ಕೆ ಹೊಡೆಯಿತು. ಹ್ಯಾಂಡ್‌ಬ್ರೇಕಿನ ಲಿವರ್ ಪೂರ್ತಿ ಇಳಿಸದೆ ಕೊಟ್ಟಿಗೆಹಾರದಿಂದ ಓಡಿಸಿಕೊಂಡು ಬಂದಿದ್ದರು. ಮುಟ್ಟಬೇಡಿ ಸಾರ್ ಅನ್ನುವಷ್ಟರಲ್ಲಿ ಮುಟ್ಟಿಯೂ ಬಿಟ್ಟರು.